ಸೈಕಲ್‌ನವನಿಗೆ ದಾರಿ ಬಿಡಿ ಸ್ವಾಮಿ

(2025ರ ಜೂನ್ 2ರ ರಾತ್ರಿ ಪ್ರಸಾರವಾದ ಮಾತು)

ಇವತ್ತು ಕರ್ನಾಟಕದಲ್ಲಿ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ನಾಳೆ ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಆರ್‌ಸಿಬಿ ಆಡ್ತಿದೆ. ಹದಿನೆಂಟು ವರ್ಷದಿಂದ ಕಾದಿರೋ ಕಪ್ಪು. ನಮ್ಮ ನ್ಯೂಸ್‌ರೂಮಿನಲ್ಲೂ ಅದೇ ಜ್ವರ. ಆಗಲಿ, ಸಂತೋಷ. ಆದರೆ ನಾಳೆಯ ತಾರೀಖಿಗೆ ಇನ್ನೊಂದು ಲೆಕ್ಕವೂ ಇದೆ. ಜೂನ್ 3, ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ ಇದು.

ನಾಳೆ ಬೆಳಗ್ಗೆ ಏನೇನು ನಡೆಯುತ್ತೆ ಅಂತ ಇವತ್ತೇ ಹೇಳಿಬಿಡ್ತೀನಿ, ಕೇಳಿ. ಒಂದಷ್ಟು ಜನ ಬಿಳಿ ಟೋಪಿ, ಬಿಳಿ ಟೀ ಶರ್ಟ್ ಹಾಕ್ಕೊಂಡು ಬರ್ತಾರೆ. ಗಣ್ಯರು ಹಸಿರು ಬಾವುಟ ಬೀಸ್ತಾರೆ. ಆಮೇಲೆ ಅವರೂ ಒಂದು ಸೈಕಲ್ ಹತ್ತಿ, ಇನ್ನೂರು ಮೀಟರ್ ತುಳಿದು, ಕ್ಯಾಮೆರಾ ದಾಟಿದ ಕೂಡಲೇ ಇಳಿದು ಕಾರು ಹತ್ತುತ್ತಾರೆ. ಆ ಸೈಕಲ್ ಬಂದದ್ದೂ ಟೆಂಪೋದಲ್ಲಿ, ವಾಪಸ್ ಹೋಗೋದೂ ಟೆಂಪೋದಲ್ಲಿ. ಭಾಷಣದಲ್ಲಿ ಪರಿಸರ, ಆರೋಗ್ಯ, ಇಂಧನ ಉಳಿತಾಯ ಎಲ್ಲವೂ ಇರುತ್ತೆ. ಆ ಹೊತ್ತಿಗೆ ಅದೇ ರಸ್ತೆಯ ಎಡಬದಿಯಲ್ಲಿ, ಕ್ಯಾರಿಯರ್‌ಗೆ ಎರಡು ಕ್ಯಾನು ಕಟ್ಟಿಕೊಂಡು ಒಬ್ಬ ಮನುಷ್ಯ ಸೈಕಲ್ ತುಳೀತಾ ಹೋಗ್ತಿರ್ತಾನೆ. ಅವನ ಕಡೆ ಯಾರೂ ತಿರುಗಿ ನೋಡಲ್ಲ. ಬಂದೋಬಸ್ತಿನ ಪೊಲೀಸಿನವರು ಮಾತ್ರ, 'ಏಯ್, ಸೈಡಿಗೆ ಹೋಗಯ್ಯಾ' ಅಂತಾರೆ.

ಇವತ್ತಿನ ನನ್ನ ಮಾತು ಆ ಸೈಡಿಗೆ ಹೋದವನ ಬಗ್ಗೆ.

ಬೆಂಗಳೂರಿನಲ್ಲಿ ಸೈಕಲ್ ಸಂಸ್ಕೃತಿ ಸತ್ತು ಹೋಯಿತು ಅಂತ ಒಂದು ಗುಂಪು ಹೇಳುತ್ತೆ. ಇಲ್ಲ ಇಲ್ಲ, ಈಗ ಮತ್ತೆ ಹುಟ್ಟಿದೆ ಅಂತ ಇನ್ನೊಂದು ಗುಂಪು ಹೇಳುತ್ತೆ. ಎರಡೂ ಅರ್ಧ ಸತ್ಯ. ಪೂರ್ತಿ ಸತ್ಯ ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿರಿಯರನ್ನ ಕೇಳಿ. ಆಗಿನ ಬೆಂಗಳೂರು ಪಿಂಚಣಿದಾರರ ಸ್ವರ್ಗ ಅಂತಾರೆ, ಸರಿ. ಆದರೆ ಅದು ಕಾರ್ಮಿಕರ ಊರೂ ಆಗಿತ್ತು. 1940ರಲ್ಲಿ ಎಚ್‌ಎಎಲ್ ಬಂತು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಕಾರ್ಖಾನೆಗಳ ಸೈರನ್ ಕೂಗಿದರೆ ಗೇಟಿನಿಂದ ಸೈಕಲ್‌ಗಳು ಹೊಳೆಯ ಹಾಗೆ ಹರೀತಿದ್ದವು. ಹ್ಯಾಂಡಲ್‌ಗೆ ಟಿಫಿನ್ ಕ್ಯಾರಿಯರ್ ತೂಗು ಹಾಕಿರೋದು, ಚೈನಿಗೆ ಸಿಕ್ಕಬಾರದು ಅಂತ ಪ್ಯಾಂಟಿನ ತುದಿಗೆ ಕ್ಲಿಪ್ಪು. ಕತ್ತಲಾದರೆ ಡೈನಮೊ ದೀಪ ಬೇಕೇ ಬೇಕು. ಸೈಕಲ್‌ಗೆ ವರ್ಷಕ್ಕೊಂದು ಲೈಸೆನ್ಸ್ ಬಿಲ್ಲೆ ಮಾಡಿಸಬೇಕಿತ್ತು. ಡಬಲ್ ರೈಡ್ ಹೊಡೆದು ಸಿಕ್ಕಿಬಿದ್ದರೆ ಪೊಲೀಸಪ್ಪ ಟ್ಯೂಬಿನ ಗಾಳಿ ಬಿಟ್ಟು ಕಳಿಸ್ತಿದ್ದ. ಸಿನಿಮಾ ಟಾಕೀಸಿನ ಮುಂದೆ, ಕಾಲೇಜಿನ ಮುಂದೆ, ಕಚೇರಿಯ ಹಿಂದೆ ಸೈಕಲ್ ಸ್ಟ್ಯಾಂಡ್.

ಇಲ್ಲಿ ಒಂದು ವಿಷಯ ಗಮನಿಸಿ. ಲೈಸೆನ್ಸು ಕೊಡೋರಿದ್ದರು, ದೀಪ ಇಲ್ಲ ಅಂತ ಹಿಡಿಯೋರಿದ್ದರು, ನಿಲ್ಲಿಸೋಕೆ ಜಾಗ ಕೊಡೋರಿದ್ದರು. ಅಂದ್ರೆ ಸರ್ಕಾರದ ಕಣ್ಣಿಗೆ ಸೈಕಲ್ ಒಂದು ವಾಹನ ಆಗಿತ್ತು. ಅದರ ಮೇಲೆ ಕೂತವನು ರಸ್ತೆಯ ಹಕ್ಕುದಾರ ಆಗಿದ್ದ. ಗುಮಾಸ್ತರೂ ತುಳೀತಿದ್ದರು, ಮೇಷ್ಟ್ರೂ ತುಳೀತಿದ್ದರು, ಲೇತ್ ಮೆಷಿನ್ನಿನವರೂ ತುಳೀತಿದ್ದರು.

ನಮ್ಮ ಚಿತ್ರದುರ್ಗದ ಕಡೆಯ ಕಥೆ ಕೇಳಿದರೂ ಹೀಗೇ. ನಾನು ಆ ಸೀಮೆಯವನು, ಅದಕ್ಕೇ ಅಧಿಕಾರದಿಂದ ಹೇಳ್ತೀನಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಪೇಟೆಗೆ ಹೋದರೂ ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆ ಸೈಕಲ್ ಅಂಗಡಿ ಇರೋದು. ಗಂಟೆಗೆ ಇಷ್ಟು ಅಂತ ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿ ತಗೊಂಡು ಹೋಗೋದು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯೋದು ಕಲಿತ ಹುಡುಗ ಅವತ್ತೇ ದೊಡ್ಡವನಾದ ಅಂತ ಲೆಕ್ಕ. ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವರು ಕೇಳ್ತಿದ್ದದ್ದು ಏನು? ಒಂದು ವಾಚು, ಒಂದು ರೇಡಿಯೋ, ಒಂದು ಸೈಕಲ್. ವರದಕ್ಷಿಣೆ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿಯಲ್ಲಿ ಸೈಕಲ್ ಇತ್ತು ಅಂದ್ರೆ ಅದಕ್ಕೆಷ್ಟು ಮರ್ಯಾದೆ ಇತ್ತು ಯೋಚನೆ ಮಾಡಿ. ಇವತ್ತು ಒಬ್ಬ ಹುಡುಗ ಹೆಣ್ಣು ನೋಡೋಕೆ ಸೈಕಲ್‌ನಲ್ಲಿ ಹೋದ ಅನ್ನಿ. ಕಾಫಿ ಕೊಟ್ಟು ಕಳಿಸ್ತಾರೆ, ಅಷ್ಟೇ.

ಈ ಮರ್ಯಾದೆ ಹೋದದ್ದು ಹೇಗೆ? ಮೊದಲು ಇಂಜಿನ್ ಬಂತು. ಲೂನಾ ಬಂತು, ಟಿವಿಎಸ್ 50 ಬಂತು, ಎಂಬತ್ತರ ದಶಕದ ಮಧ್ಯದಲ್ಲಿ ಹೀರೋ ಹೋಂಡಾ ಬಂತು. ಸಾಲ ಸುಲಭವಾಯ್ತು. ದಿನಾ ಕಾಲು ನೋಯಿಸಿಕೊಂಡ ಮನುಷ್ಯ ಇಂಜಿನ್ ಕೊಂಡ. ಅದು ತಪ್ಪಲ್ಲ. ಊರೂ ಬೆಳೀತು. ಮನೆ ಒಂದು ದಿಕ್ಕಿಗೆ, ಕೆಲಸ ಇನ್ನೊಂದು ದಿಕ್ಕಿಗೆ. ಅದೂ ಯಾರ ಕೈಲೂ ಇರಲಿಲ್ಲ.

ಇನ್ನೊಂದು ಕಾರಣ ಇದೆ. ಅದು ಪೂರ್ತಿ ನಮ್ಮ ಕೈಯಲ್ಲೇ ಇತ್ತು. ರಸ್ತೆ. ನಾವು ರಸ್ತೆಯನ್ನ ಹೇಗೆ ಮಾಡಿದ್ವಿ ನೋಡಿ. ಒನ್ ವೇ ಮಾಡಿದ್ವಿ. ಕಾರಿನವನಿಗೆ ಎರಡು ಕಿಲೋಮೀಟರ್ ಸುತ್ತು ಜಾಸ್ತಿಯಾದರೆ ಒಂದಿಷ್ಟು ಪೆಟ್ರೋಲ್ ಖರ್ಚು. ಸೈಕಲ್‌ನವನಿಗೆ ಅದು ಬೆವರು. ಅವನೇನು ಮಾಡ್ತಾನೆ? ರಾಂಗ್ ಸೈಡಲ್ಲಿ ನುಗ್ತಾನೆ. ಆಗ ನಾವು, 'ಈ ಸೈಕಲ್‌ನವರಿಗೆ ರೂಲ್ಸೇ ಗೊತ್ತಿಲ್ಲ' ಅಂತ ಬೈತೀವಿ. ಫ್ಲೈಓವರ್ ಕಟ್ಟಿದ್ವಿ. ಏರಿನಲ್ಲಿ ಅವನು ಉಸಿರು ಬಿಗಿ ಹಿಡಿದು ತುಳೀತಿದ್ದರೆ ಹಿಂದಿನಿಂದ ಬಸ್ಸು, ಲಾರಿ ಹಾರ್ನ್ ಹೊಡೀತವೆ. ರಸ್ತೆ ಅಗಲ ಮಾಡೋಕೆ ಮರ ಕಡಿದ್ವಿ, ನೆರಳು ಹೋಯ್ತು. ಅಗಲವಾದ ರಸ್ತೆಯಲ್ಲಿ ವಾಹನದ ವೇಗ ಹೆಚ್ಚಿತು, ಅವನ ಧೈರ್ಯ ಹೋಯ್ತು. ಸೈಕಲ್ ಸ್ಟ್ಯಾಂಡ್ ಇದ್ದ ಜಾಗ ಕಾರ್ ಪಾರ್ಕಿಂಗ್ ಆಯ್ತು. ಯಾರೂ ಸೈಕಲ್‌ನ ಬ್ಯಾನ್ ಮಾಡಲಿಲ್ಲ ಸ್ವಾಮಿ. ಬ್ಯಾನ್ ಮಾಡೋ ಅಗತ್ಯವೇ ಬೀಳಲಿಲ್ಲ.

ಇವತ್ತು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಟಾಮ್‌ಟಾಮ್ ಅನ್ನೋ ಕಂಪನಿ ಜಗತ್ತಿನ ನಗರಗಳ ಟ್ರಾಫಿಕ್ ಅಳೀತದೆ. ಅವರ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ ಅರ್ಧ ಗಂಟೆಯ ಹತ್ತಿರ ಬೇಕು. ಸರಾಸರಿ ಅಷ್ಟು ಅಂದ್ರೆ ಸಂಜೆ ಆರರ ಕಥೆ ನೀವೇ ಊಹಿಸಿ. ಎಂಬತ್ತು ಸಾವಿರದ ಬೈಕಿರಲಿ, ಎಂಬತ್ತು ಲಕ್ಷದ ಕಾರಿರಲಿ, ಜಾಮಿನಲ್ಲಿ ನಿಂತಾಗ ಪಕ್ಕದಲ್ಲಿ ಒಬ್ಬ ಹಳೇ ಸೈಕಲ್ಲಿನವನು ನಿಧಾನವಾಗಿ ನಿಮ್ಮನ್ನ ದಾಟಿಕೊಂಡು ಹೋಗ್ತಾನೆ. ನೋಡಿದ್ದೀರಿ ತಾನೆ?

ಈಗ ಆ ಇನ್ನೊಂದು ಗುಂಪಿನ ಮಾತು. ಸೈಕಲ್ ಮತ್ತೆ ಹುಟ್ಟಿದೆ ಅನ್ನೋರು. ಅವರ ಮಾತಿನಲ್ಲೂ ನಿಜ ಇದೆ. ಭಾನುವಾರ ಬೆಳಗಿನ ಐದು ಗಂಟೆಗೆ ಬಳ್ಳಾರಿ ರಸ್ತೆಗೆ ಹೋಗಿ ನಿಂತ್ಕೊಳ್ಳಿ. ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಜೆರ್ಸಿ, ಹಿಂದೆ ಮಿಣುಕು ಕೆಂಪು ದೀಪ, ಸಾಲಾಗಿ ನಂದಿಬೆಟ್ಟದ ಕಡೆ ಹೋಗ್ತಿರ್ತಾರೆ. ಕೆಲವರ ಸೈಕಲ್ ಬೆಲೆಗೆ ಒಂದು ಬೈಕು ಬರುತ್ತೆ, ಕೆಲವರದ್ದಕ್ಕೆ ಸಣ್ಣ ಕಾರೇ ಬರುತ್ತೆ. ಇವರಲ್ಲಿ ಶೋಕಿಯವರೂ ಇದ್ದಾರೆ, ಹಟದವರೂ ಇದ್ದಾರೆ. 200, 300, 400, 600 ಕಿ.ಮೀ.ಗಳನ್ನ ಗೊತ್ತಾದ ಗಡುವಿನಲ್ಲಿ ಮುಗಿಸೋ ಬ್ರೆವೆ ಸವಾರಿಗಳಿವೆ. ಅದನ್ನೆಲ್ಲ ದಾಟಿದವರು ಫ್ರಾನ್ಸಿಗೆ ಹೋಗಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಅನ್ನೋ 1,200 ಕಿ.ಮೀ. ಸವಾರಿಗೆ ಇಳೀತಾರೆ, ಗಡುವು 90 ಗಂಟೆ. 2008ರಲ್ಲಿ ಬೆಂಗಳೂರಿನ ಸವಾರರೇ ಟೂರ್ ಆಫ್ ನೀಲಗಿರೀಸ್ ಶುರು ಮಾಡಿದರು. ಇನ್ನು ಉತ್ತರ ಕರ್ನಾಟಕದ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರೇಸಿನಲ್ಲಿ ರಾಜ್ಯಕ್ಕೆ ಪದಕ ತರ್ತಲೇ ಇದ್ದಾರೆ.

ಇವರನ್ನ ಗೇಲಿ ಮಾಡೋದು ಸುಲಭ. ನಾನು ಮಾಡಲ್ಲ. ಯಾಕಂದ್ರೆ ಸೈಕಲ್‌ಗೆ ದಾರಿ ಬೇಕು ಅಂತ ಅಧಿಕಾರಿಗಳ ಮೇಜಿನವರೆಗೆ ಹೋಗಿ ಕೂತು ಮಾತಾಡಿದವರಲ್ಲಿ ಇವರೇ ಹೆಚ್ಚು. 2013ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಸೈಕಲ್ ಡೇ ಶುರುವಾಗಿ, ಆಮೇಲೆ ಬಡಾವಣೆಗಳಿಗೂ ಹೋಯ್ತು. ರಸ್ತೆಯ ಒಂದು ತುಂಡಿಗೆ ಕಾರು ಬಿಡದೆ ಮಕ್ಕಳಿಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಬೈಸಿಕಲ್ ಮೇಯರ್ ಅಂತ ಹೆಸರು ಪಡೆದ ಸತ್ಯ ಶಂಕರನ್ ಮತ್ತವರ ಜೊತೆಗಾರರು ಆಫೀಸಿಗೆ ಸೈಕಲ್‌ನಲ್ಲಿ ಹೋಗಿ ಅಂತ ಕಂಪನಿ ಕಂಪನಿಗಳ ನಡುವೆ ಪೈಪೋಟಿಯನ್ನೇ ಹಚ್ಚಿದರು. ಒಳ್ಳೆಯದೇ.

ಆದರೆ ಅದೇ ಬೆಳಗಿನ ಐದು ಗಂಟೆಗೆ ಇನ್ನೊಂದು ಸೈಕಲ್ ಲೋಕವೂ ಎದ್ದಿರುತ್ತೆ. ಪೇಪರ್ ಹಾಕೋ ಹುಡುಗ. ರಾತ್ರಿ ಪಾಳಿ ಮುಗಿಸಿ ಹೊರಟ ಸೆಕ್ಯೂರಿಟಿ ಗಾರ್ಡ್. ಫ್ಲಾಸ್ಕು ಕಟ್ಟಿಕೊಂಡು ಟೀ ಮಾರೋನು. ಎರಡೂ ಬದಿಗೆ ಎಳನೀರು ಗೊನೆ ಇಳಿಬಿಟ್ಟು, ತುಳಿಯೋಕಾಗದೆ ತಳ್ಳಿಕೊಂಡು ಹೋಗೋನು. ಸೊಪ್ಪಿನವನು, ಚಾಕು ಚೂರಿ ಸಾಣೆ ಹಿಡಿಯೋನು, ಕಟ್ಟಡದ ಕೆಲಸಕ್ಕೆ ಹೊರಟ ಗಾರೆ ಕೆಲಸದವನು. ಹೆಲ್ಮೆಟ್ ಇಲ್ಲ, ದೀಪ ಇಲ್ಲ, ಎಷ್ಟೋ ಸಲ ಬ್ರೇಕೂ ಇಲ್ಲ. ನಮ್ಮ ದುರ್ಗದ ಕಡೆಯಿಂದ ಬಸ್ಸು ಹತ್ತಿದವನಿಗೆ ಬೆಂಗಳೂರಿನ ಹೆಬ್ಬಾಗಿಲು ಅಂದ್ರೆ ಪೀಣ್ಯ. ಮಳೆ ಇಲ್ಲದ ವರ್ಷಗಳಲ್ಲಿ ನಮ್ಮ ಜನ ಅಲ್ಲೇ ಇಳಿದರು, ಅಲ್ಲೇ ಶೆಡ್ಡುಗಳಲ್ಲಿ ಕೆಲಸಕ್ಕೆ ಸೇರಿದರು. ಶಿಫ್ಟ್ ಬಿಡೋ ಹೊತ್ತಿಗೆ ಪೀಣ್ಯದ ಅಡ್ಡರಸ್ತೆಗಳಿಗೆ ಹೋಗಿ ನೋಡಿ, ಲಾರಿ ಸಂದಿಯಲ್ಲಿ ಇವತ್ತಿಗೂ ಸೈಕಲ್ ಸಿಗ್ತವೆ.

ಇವರು ಯಾವ ಸಂಸ್ಕೃತಿಯಲ್ಲಿ ಬರ್ತಾರೆ? ಸೈಕಲ್ ಸಂಸ್ಕೃತಿ ಅನ್ನೋ ಚರ್ಚೆಗೆ ನಾವು ಟಿವಿಯವರು ಯಾರನ್ನ ಕರೀತೀವಿ? ಜೆರ್ಸಿ ಹಾಕಿದವರನ್ನ. ಇವನು ಇಪ್ಪತ್ತು ವರ್ಷದಿಂದ ದಿನಾ ತುಳೀತಿದ್ದಾನೆ. ಇವನಿಗೆ ಒಂದು ಪದಕ ಇಲ್ಲ, ಒಂದು ಟೀ ಶರ್ಟ್ ಇಲ್ಲ, ಒಂದು ಬೈಟ್ ಇಲ್ಲ. ಒಬ್ಬರು ಸೈಕಲ್ ಆಯ್ಕೆ ಮಾಡಿಕೊಂಡವರು, ಮತ್ತೊಬ್ಬರು ಬೇರೆ ದಾರಿ ಇಲ್ಲದವರು. ಆದರೆ ಒಂದು ಕಾರು ತಾಗಿದರೆ ಇಬ್ಬರ ಮೂಳೆಯೂ ಒಂದೇ ರೀತಿ ಮುರಿಯುತ್ತೆ.

ಮೂಳೆ ಮುರಿಯೋ ಮಾತು ಬಂತಲ್ಲ, ಲೆಕ್ಕವನ್ನೂ ಹೇಳ್ತೀನಿ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಸೈಕಲ್ ಸವಾರರೇ ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ದಿನಕ್ಕೆ ಹನ್ನೆರಡಕ್ಕಿಂತ ಜಾಸ್ತಿ. ಈ ಹನ್ನೆರಡು ಮಂದಿ ಯಾರನ್ನೂ ಗುದ್ದಿ ಕೊಂದವರಲ್ಲ. ಹೊಗೆ ಬಿಟ್ಟವರಲ್ಲ. ಜಾಮ್ ಮಾಡಿದವರಲ್ಲ. ರಸ್ತೆಯ ಮೇಲೆ ಎಲ್ಲರಿಗಿಂತ ಕಡಿಮೆ ಜಾಗ ಕೇಳಿದವರು. ನಮ್ಮ ಬ್ರೇಕಿಂಗ್ ನ್ಯೂಸ್‌ನಲ್ಲಿ ಅವರಿಗೆ ಸಿಗೋದು ಕೆಳಗಡೆ ಓಡೋ ಒಂದು ಸಾಲು.

ಹಾಗಾದರೆ ಸರ್ಕಾರಗಳು ಏನೂ ಮಾಡಲಿಲ್ವಾ? ಮಾಡಿದವು. ಮಾಡಿದ್ದರ ಗತಿ ಏನಾಯ್ತು ಅನ್ನೋದೇ ಕಥೆ.

2012ರ ಸುಮಾರಿಗೆ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಒಳ್ಳೆ ಬಡಾವಣೆ, ಮರದ ನೆರಳು, ಅಗಲ ರಸ್ತೆ. ಪಥ ಆಯ್ತು, ಉದ್ಘಾಟನೆ ಆಯ್ತು. ಆಮೇಲೆ ಅದರ ಮೇಲೆ ಏನು ನಿಂತಿತು? ಕಾರು. ಆಟೋ. ತಳ್ಳುಗಾಡಿ. ಸೈಕಲ್ ಒಂದು ಬಿಟ್ಟು ಎಲ್ಲ. ಆಮೇಲೆ ಟೆಂಡರ್‌ಶ್ಯೂರ್ ರಸ್ತೆಗಳು ಬಂದವು. ಫುಟ್‌ಪಾತ್ ನಿಜಕ್ಕೂ ಚೆನ್ನಾಯ್ತು, ಅದನ್ನ ಒಪ್ಪಬೇಕು. ಆದರೆ ಸೈಕಲ್‌ಗೆ ಅಂತ ಬಿಟ್ಟ ಜಾಗದಲ್ಲಿ ಬೈಕ್ ಓಡಾಡಿದವು.

2020ರಲ್ಲಿ ಕೋವಿಡ್ ಬಂತು. ಬಸ್ಸು ಹತ್ತೋಕೆ ಜನ ಹೆದರಿದರು. ಸೈಕಲ್ ಅಂಗಡಿಗಳಲ್ಲಿ ಸ್ಟಾಕ್ ಖಾಲಿಯಾಗುವಷ್ಟು ಬೇಡಿಕೆ ಬಂತು. ವಿಚಿತ್ರ ಏನು ಗೊತ್ತಾ? ಅದೇ ವರ್ಷ, ಅದೇ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯನ್ನ ನಿಲ್ಲಿಸಿತು. ನಮ್ಮ ಅಪ್ಪಂದಿರು ತುಳಿದ ಅಟ್ಲಾಸ್. ಕಾರ್ಮಿಕರು ಬೆಳಗ್ಗೆ ಗೇಟಿಗೆ ಬಂದರೆ ನೋಟಿಸ್ ಅಂಟಿಸಿತ್ತು.

ಆ ವರ್ಷವೇ ಕೇಂದ್ರ ಸರ್ಕಾರ ಇಂಡಿಯಾ ಸೈಕಲ್ಸ್ ಫಾರ್ ಚೇಂಜ್ ಅಂತ ನಗರಗಳಿಗೆ ಸವಾಲು ಹಾಕಿತು. ನಮ್ಮ ನಗರ ಭೂಸಾರಿಗೆ ನಿರ್ದೇಶನಾಲಯದವರು ಉತ್ಸಾಹದಿಂದ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ 17 ಕಿ.ಮೀ. ಪಾಪ್ ಅಪ್ ಸೈಕಲ್ ಲೇನ್ ಯೋಜಿಸಿದರು. ಗೆರೆ ಎಳೆದರು, ಅಡ್ಡಗಂಬ ನೆಟ್ಟರು. ಗಂಬಕ್ಕೆ ವಾಹನ ಗುದ್ದಿದವು, ಲೇನಿನಲ್ಲಿ ಬೈಕ್ ನುಗ್ಗಿದವು, ಆಮೇಲೆ ಮೆಟ್ರೋ ಕಾಮಗಾರಿ ಬಂತು, ಲೇನೇ ಹೋಯ್ತು.

ಈಗ ಅದೇ ಸಿಲ್ಕ್ ಬೋರ್ಡ್‌ಗೆ ಹೆಬ್ಬಾಳದಿಂದ ಸುರಂಗ ರಸ್ತೆ ಮಾಡ್ತೀವಿ ಅಂತಿದ್ದಾರೆ. ಅದರ ಉದ್ದವೂ ಹೆಚ್ಚುಕಡಿಮೆ 17 ಕಿ.ಮೀ. ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದರಲ್ಲಿ ಸೈಕಲ್‌ನವನಿಗೆ ಜಾಗ ಇರಲ್ಲ ಅಂತ ಬಿಡಿಸಿ ಹೇಳಬೇಕಾ? ಸೈಕಲ್‌ನ 17 ಕಿಲೋಮೀಟರ್ ಉಳಿಸೋಕೆ ಒಂದಿಷ್ಟು ಗಂಬ ಮತ್ತು ನಾಲ್ಕು ಜನ ಟ್ರಾಫಿಕ್ ಪೊಲೀಸರು ಸಾಕಿತ್ತು. ಅದು ಆಗಲಿಲ್ಲ. ಕಾರಿನ 17 ಕಿಲೋಮೀಟರ್‌ಗೆ ಭೂಮಿಯನ್ನೇ ಕೊರೆಯೋಕೆ ತಯಾರಾಗಿದ್ದೀವಿ.

ಆಪ್ ಸೈಕಲ್‌ಗಳೂ ಬಂದವು. 2017ರಲ್ಲಿ ಜೂಮ್‌ಕಾರ್‌ನವರ ಪೆಡಲ್, ಆಮೇಲೆ ಯುಲು. ಮೊಬೈಲಿನಲ್ಲಿ ಬೀಗ ತೆಗೆ, ತುಳಿ, ಎಲ್ಲಾದರೂ ಬಿಡು. ಹಳೇ ಬಾಡಿಗೆ ಸೈಕಲ್ ಅಂಗಡಿಯ ಹೊಸ ಅವತಾರ. ಆದರೆ ಬಾಡಿಗೆ ಅಂಗಡಿಯ ಯಜಮಾನನಿಗೆ ನಿಮ್ಮಪ್ಪ ಯಾರು ಅಂತ ಗೊತ್ತಿತ್ತು, ಆಪಿಗೆ ಗೊತ್ತಿಲ್ಲ. ತುಳಿಯೋ ಸೈಕಲ್ ಹಿಂದೆ ಸರಿದು ಬ್ಯಾಟರಿ ಗಾಡಿ ಮುಂದೆ ಬಂತು. ಇವತ್ತು ಯುಲು ಅಂದ್ರೆ ನಿಮ್ಮ ಮನೆಗೆ ಊಟ, ದಿನಸಿ ತರೋ ಹುಡುಗನ ಗಾಡಿ. ಮೆಟ್ರೋದವರು 2021ರಲ್ಲಿ ಮಡಚೋ ಸೈಕಲ್‌ನ ಕೊನೆಯ ಬೋಗಿಯಲ್ಲಿ ತರಬಹುದು ಅಂದರು. ಸಂತೋಷ. ಆದರೆ ಪೀಣ್ಯದ ಶೆಡ್ಡಿನಲ್ಲಿ ದುಡಿಯೋನ ಸೈಕಲ್ ಮಡಚಲ್ಲ. ಅವನಿಗೆ ಬೇಕಾದ್ದು ಸ್ಟೇಷನ್ ಕೆಳಗೆ ಬೀಗ ಹಾಕಿ ನಿಲ್ಲಿಸೋಕೆ ಒಂದು ನಂಬಿಕೆಯ ಜಾಗ.

ಮೈಸೂರನ್ನ ನೋಡಿ. 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಶುರುವಾಯ್ತು. 450 ಸೈಕಲ್, 48 ನಿಲ್ದಾಣ. ಎಲ್ಲೆಂದರಲ್ಲಿ ಬಿಸಾಕೋ ಹಾಗಿಲ್ಲ, ಗೊತ್ತಾದ ಜಾಗದಿಂದ ತಗೊಂಡು ಗೊತ್ತಾದ ಜಾಗಕ್ಕೇ ಬಿಡಬೇಕು. ಅದೂ ಏಳುಬೀಳು ಕಂಡಿದೆ. ಆದರೂ ವ್ಯವಸ್ಥೆ ಅಂತ ಒಂದು ಇದ್ದರೆ ಜನ ತುಳೀತಾರೆ ಅನ್ನೋದನ್ನ ತೋರಿಸಿತು.

ಇನ್ನು ಕಾನೂನು. 2021ರ ಕೊನೆಗೆ ಇದೇ ನಿರ್ದೇಶನಾಲಯದವರು ಕರ್ನಾಟಕ ಆಕ್ಟಿವ್ ಮೊಬಿಲಿಟಿ ಬಿಲ್ ಅಂತ ಒಂದು ಕರಡು ತಯಾರು ಮಾಡಿದರು. ನಡೆಯೋರಿಗೆ ಮತ್ತು ಸೈಕಲ್‌ನವರಿಗೆ ರಸ್ತೆಯ ಮೇಲೆ ಹಕ್ಕಿದೆ ಅಂತ ಕಾನೂನಿನಲ್ಲೇ ಬರೆಯೋ ಪ್ರಯತ್ನ. ಆ ಕರಡು ಇನ್ನೂ ಕರಡೇ. ಸರ್ಕಾರ ಬದಲಾಯ್ತು, ಫೈಲು ಬದಲಾಗಲಿಲ್ಲ.

ನೀವು ಕೇಳಬಹುದು, 'ಇದೆಲ್ಲ ಬೆಂಗಳೂರಿನ ಗೋಳು, ನಮಗೇನು?' ಅಂತ. ಹಿರಿಯೂರಿನಲ್ಲಿ, ಹೊಳಲ್ಕೆರೆಯಲ್ಲಿ ಕೂತು ನೋಡ್ತಿರೋರಿಗೂ ಈ ಮಾತು ಸೇರುತ್ತೆ. ಹೇಗೆ ಅಂತ ಹೇಳ್ತೀನಿ.

2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರುವಾಯ್ತು. ಎಂಟನೇ ಕ್ಲಾಸೇ ಯಾಕೆ? ಏಳರವರೆಗೆ ಊರಲ್ಲೇ ಶಾಲೆ ಇರುತ್ತೆ. ಹೈಸ್ಕೂಲು ಪಕ್ಕದ ಊರಿನಲ್ಲಿ, ಮೂರೋ ನಾಲ್ಕೋ ಐದೋ ಕಿಲೋಮೀಟರ್ ಆಚೆ. ಮಗ ಹೇಗೋ ಹೋಗ್ತಾನೆ. ಮಗಳು? ಅಲ್ಲಿಗೇ ನಿಲ್ಲಿಸ್ತಿದ್ದರು. ಆ ಮೂರು ಕಿಲೋಮೀಟರ್ ಎಷ್ಟೋ ಹೆಣ್ಣುಮಕ್ಕಳ ಓದಿಗೆ ಮುಳ್ಳುಬೇಲಿ ಆಗಿತ್ತು. ಸೈಕಲ್ ಆ ಬೇಲಿ ದಾಟಿಸಿತು.

ಇದು ನನ್ನ ಭಾವುಕ ಮಾತು ಅಂದ್ಕೋಬೇಡಿ. ಅದೇ 2006ರಲ್ಲಿ ಬಿಹಾರದಲ್ಲೂ ಹೈಸ್ಕೂಲು ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು ಅದನ್ನ ಅಧ್ಯಯನ ಮಾಡಿದರು. ಹೈಸ್ಕೂಲಿಗೆ ಸೇರೋ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತ್ತು. ಎರಡು ಚಕ್ರ, ಒಂದು ಚೈನು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ಇನ್ನೊಂದು ಯೋಜನೆ ಹುಡುಕಿ ನೋಡೋಣ. ತಮಿಳುನಾಡಿನ ಪುದುಕೋಟೆಯಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಸಾಕ್ಷರತಾ ಚಳವಳಿಯ ಭಾಗವಾಗಿ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಓದೋಕೆ ಕಲಿಯೋದರ ಜೊತೆಗೆ ತಾನೇ ತಾನಾಗಿ ಎಲ್ಲಿಗಾದರೂ ಹೋಗೋದನ್ನೂ ಕಲಿತರು.

ನಮ್ಮಲ್ಲಿ ಏನಾಯ್ತು? 2020-21ರಲ್ಲಿ ಕೋವಿಡ್ ಕಾರಣಕ್ಕೆ ಸೈಕಲ್ ನಿಂತಿತು. ಕೋವಿಡ್ ಹೋಯ್ತು. ಮಾಸ್ಕ್ ಹೋಯ್ತು. ಸೈಕಲ್ ಮಾತ್ರ ವಾಪಸ್ ಬರಲಿಲ್ಲ. ಈಗ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಶಕ್ತಿ ಯೋಜನೆ ಒಳ್ಳೆಯದೇ, ನಾನು ಬೇಡ ಅನ್ನಲ್ಲ. ಆದರೆ ಫ್ರೀ ಬಸ್ಸಾದರೂ ಊರಿಗೆ ಬಸ್ಸು ಬರಬೇಕಲ್ಲ? ಹೊಸದುರ್ಗ ತಾಲ್ಲೂಕಿನ ಒಳಹಳ್ಳಿಗಳಿಗೆ, ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಬರೋ ಊರುಗಳಿಗೆ ಹೋಗಿ ಕೇಳಿ. ಸ್ಪೆಷಲ್ ಕ್ಲಾಸು ಮುಗಿಯೋ ಹೊತ್ತಿಗೆ ಸಂಜೆ ಬಸ್ಸು ಹೋಗಿರುತ್ತೆ. ಸೈಕಲ್ ಯಾವ ಡಿಪೋದ ಟೈಮಿಗೂ ಕಾಯಲ್ಲ.

ಇನ್ನು ಹೆದ್ದಾರಿ. ಶಿರಾ ದಾಟಿ ಹಿರಿಯೂರು, ಐಮಂಗಲ, ಚಿತ್ರದುರ್ಗ. ಬೆಂಗಳೂರಿಂದ ಹಿರಿಯೂರಿಗೆ ಸುಮಾರು 160 ಕಿ.ಮೀ., ಕಾರಿನಲ್ಲಿ ಮೂರು ಗಂಟೆಗೆ ಬರ್ತೀವಿ ಅಂತ ಹೆಮ್ಮೆ ಪಡ್ತೀವಿ. ಆ ಹೆದ್ದಾರಿಯ ಒಂದು ಬದಿಗೆ ಊರು, ಇನ್ನೊಂದು ಬದಿಗೆ ಹೊಲ. ಸೈಕಲ್‌ನಲ್ಲಿ ಹೊಲಕ್ಕೆ ಹೋಗೋ ರೈತ ನೂರರ ವೇಗದಲ್ಲಿ ಬರೋ ಕಾರುಗಳ ನಡುವೆ ದಾಟಬೇಕು. ಮೊದಲೇ ನಮ್ಮ ಸೀಮೆಯ ಗಾಳಿ ಎಂಥದ್ದು ಅಂತ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಹೇಳ್ತವೆ. ಆಷಾಢದ ಎದುರುಗಾಳಿಯಲ್ಲಿ ಒಂದು ಮೈಲಿ ತುಳಿದು ನೋಡಿ. ಅಂಥವನಿಗೆ ದಾಟೋಕೆ ಒಂದು ಸುರಕ್ಷಿತ ಜಾಗ, ಓಡಾಡೋಕೆ ಕಡಿಯದ ಸರ್ವಿಸ್ ರಸ್ತೆ ಕೊಡೋದು ಭಿಕ್ಷೆ ಅಲ್ಲ. ಬೆಂಗಳೂರಿನ ರೋಗ ಹೆದ್ದಾರಿ ಹಿಡಿದು ನಮ್ಮೂರಿಗೂ ಬಂದಿದೆ ಅಂತ ಹೇಳಿದ್ದು ಇದಕ್ಕೇ.

ಈಗ ಒಂದು ಆಕ್ಷೇಪಣೆ. ಈ ವಿಷಯ ಮಾತಾಡಿದಾಗಲೆಲ್ಲ ಒಂದು ಮೆಸೇಜ್ ಬರುತ್ತೆ. 'ಸಾರ್, ಇದು ಹಾಲೆಂಡ್ ಅಲ್ಲ.' ನಿಜ, ಅಲ್ಲ. ಆದರೆ ಹಾಲೆಂಡ್ ಕೂಡ ಮೊದಲಿಂದ ಹಾಗಿರಲಿಲ್ಲ. ಅಲ್ಲೂ ಕಾರು ಬಂದು ಸೈಕಲ್‌ನ ಮೂಲೆಗೆ ತಳ್ಳಿತ್ತು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸುಮಾರು 3,300 ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆ ತಾಯಿಗಳು ಬೀದಿಗಿಳಿದರು. 'ಮಕ್ಕಳ ಕೊಲೆ ನಿಲ್ಲಿಸಿ' ಅನ್ನೋದೇ ಆ ಚಳವಳಿಯ ಹೆಸರು. 1973ರಲ್ಲಿ ಎಣ್ಣೆ ಬಿಕ್ಕಟ್ಟು ಬಂದಾಗ ಸರ್ಕಾರ ಭಾನುವಾರ ಕಾರು ನಿಲ್ಲಿಸಿತು. ಜನರಿಗೆ ಖಾಲಿ ರಸ್ತೆಯ ರುಚಿ ಸಿಕ್ತು. ಅವರ ಸಂಸ್ಕೃತಿ ಆಕಾಶದಿಂದ ಉದುರಿದ್ದಲ್ಲ, ಜಗಳ ಮಾಡಿ ಪಡೆದದ್ದು. ಇನ್ನು ಹವಾಮಾನ. ಅಲ್ಲಿ ಚಳಿ, ಮಂಜು, ಅಡ್ಡಮಳೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ, ತಂಪು ಗಾಳಿಯ ಊರು. ತುಳಿಯೋಕೆ ಇದಕ್ಕಿಂತ ಒಳ್ಳೆ ಹವೆ ಬೇಕಾ?

ಹಾಗಾದರೆ ಏನು ಮಾಡಬೇಕು? ನಾನು ಎಂಜಿನಿಯರ್ ಅಲ್ಲ. ಆದರೆ ಕಣ್ಣಿಗೆ ಕಾಣೋ ನಾಲ್ಕು ಮಾತು ಹೇಳ್ತೀನಿ.

ಒಂದು, ಬಣ್ಣ ಬಳಿದು ಲೇನ್ ಅನ್ನೋದನ್ನ ಬಿಡಿ. ಮಾಡಿದರೆ ಕಾರು ಹತ್ತೋಕಾಗದ ಹಾಗೆ ಕಟ್ಟೆ ಕಟ್ಟಿ ಮಾಡಿ. ನೂರು ಕಿಲೋಮೀಟರ್ ತುಂಡು ತುಂಡು ಬೇಡ. ಒಂದು ಮೆಟ್ರೋ ಸ್ಟೇಷನ್ ತಗೊಳ್ಳಿ, ಅದರ ಸುತ್ತ ಮೂರು ಕಿಲೋಮೀಟರ್ ಪೂರ್ತಿ ಮಾಡಿ ತೋರಿಸಿ.

ಎರಡು, ಪ್ರತಿ ಮೆಟ್ರೋ ಸ್ಟೇಷನ್, ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆಯಲ್ಲಿ ಹಳೇ ಕಾಲದ ಹಾಗೆ ಕಾವಲಿರೋ ಸೈಕಲ್ ಸ್ಟ್ಯಾಂಡ್ ಬೇಕು. ಆರು ಸಾವಿರದ ಸೈಕಲ್ ಕಳಕೊಂಡವನಿಗೆ ಅದು ಅರ್ಧ ತಿಂಗಳ ಸಂಬಳ.

ಮೂರು, ಸಣ್ಣ ಒನ್ ವೇ ರಸ್ತೆಗಳಲ್ಲಿ ಸೈಕಲ್‌ಗೆ ಎರಡೂ ಕಡೆ ಬಿಡಿ. ಮನೆ, ಶಾಲೆ ಇರೋ ಬೀದಿಗಳಲ್ಲಿ ಗಾಡಿಗಳ ವೇಗ 30ಕ್ಕೆ ಕಟ್ಟಿಹಾಕಿ.

ನಾಲ್ಕು, ಆ ಕರಡು ಮಸೂದೆಯ ಧೂಳು ಕೊಡವಿ ವಿಧಾನಸಭೆಗೆ ತನ್ನಿ. ಮತ್ತೆ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ವಾಪಸ್ ಕೊಡಿ. ಈ ಸಲ ಮೂರೇ ತಿಂಗಳಿಗೆ ಪೆಡಲ್ ಕಿತ್ತು ಬರದ ಸೈಕಲ್ ಕೊಡಿ.

ಸರ್ಕಾರಕ್ಕೆ ಹೇಳಿದ್ದಾಯ್ತು. ನಮ್ಮನಿಮ್ಮ ಕೆಲಸ? ಕಾರಿನ ಬಾಗಿಲು ತೆಗೆಯೋ ಮುಂಚೆ ಒಂದು ಸಲ ಹಿಂದೆ ತಿರುಗಿ ನೋಡಿ. ಆ ಬಾಗಿಲಿಗೆ ಬಡಿದು ಬೀಳೋನು ನಿಮ್ಮ ಮನೆಗೆ ಹಾಲು ಹಾಕೋನೇ ಇರಬಹುದು. ಏರಿನಲ್ಲಿ ತುಳಿಯೋನ ಬೆನ್ನಿಗೆ ಹಾರ್ನ್ ಹೊಡೀಬೇಡಿ. ಹಾರ್ನ್‌ನಿಂದ ಅವನ ಕಾಲಿಗೆ ಬಲ ಬರಲ್ಲ. ಮಗು ಸೈಕಲ್ ಕೇಳಿದರೆ, 'ಓದಿ ದೊಡ್ಡವನಾಗು, ಕಾರು ಕೊಡಿಸ್ತೀನಿ' ಅನ್ನಬೇಡಿ.

ಕೊನೆಯದಾಗಿ ನಮ್ಮೂರ ಕಡೆಯ ಒಂದು ಮಾತು. ಮಾರಿಕಣಿವೆ ಅಣೆಕಟ್ಟು ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳೋಕೆ 2022ರ ಸೆಪ್ಟೆಂಬರ್ ಬರಬೇಕಾಯ್ತು. 89 ವರ್ಷ. ಅಜ್ಜ ನೋಡಿದ್ದನ್ನ ಮೊಮ್ಮಗ ನೋಡಿದ. ಆದರೆ ಮೂರನೇ ಸಲ ಕೋಡಿ ಬೀಳೋಕೆ 89 ವರ್ಷ ಬೇಕಾಗಲಿಲ್ಲ. ಈ ವರ್ಷ ಜನವರಿಯಲ್ಲೇ ಬಿತ್ತು. ಯಾಕೆ? ಮಳೆ ಚೆನ್ನಾಗಿ ಬಂತು, ನಿಜ. ಆದರೆ 2019ರಿಂದ ಭದ್ರೆಯ ನೀರೂ ಬಂದು ಸೇರ್ತಿತ್ತು. ಅದಕ್ಕಾಗಿ ಹಿರಿಯೂರಿನ ರೈತರು ಧರಣಿ ಕೂತರು, ವರ್ಷಗಟ್ಟಲೆ ಕೇಳಿದರು. ಯಾರೋ ಕಾಲುವೆ ತೋಡಿದರು, ಯಾರೋ ಪಂಪು ಕೂರಿಸಿದರು. ಮುಗಿಲು ನೋಡ್ತಾ ಕೂತಿದ್ದರೆ ಇನ್ನೂ ಎಷ್ಟು ವರ್ಷ ಕಾಯಬೇಕಿತ್ತೋ.

ಸೈಕಲ್ ಸಂಸ್ಕೃತಿಯೂ ಅಷ್ಟೇ. ಜನ ಬದಲಾಗಲಿ, ಜನಕ್ಕೆ ಬುದ್ಧಿ ಬರಲಿ ಅಂತ ವರ್ಷಕ್ಕೊಂದು ಜೂನ್ 3ರಂದು ಭಾಷಣ ಮಾಡೋದು ಮುಗಿಲು ನೋಡೋ ಕೆಲಸ. ದಾರಿ ಮಾಡಿಕೊಡೋದು ಕಾಲುವೆ ತೋಡೋ ಕೆಲಸ. ನೀರು ಎಲ್ಲೂ ಹೋಗಿಲ್ಲ. ದೇಶದ ಅರ್ಧದಷ್ಟು ಮನೆಗಳಲ್ಲಿ ಇವತ್ತಿಗೂ ಸೈಕಲ್ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತೆ. ತುಳಿಯೋ ಕಾಲೂ ಇದೆ. ಕಾಲುವೆ ಮಾತ್ರ ಇಲ್ಲ.

ನಾಳೆ ಬೆಳಗ್ಗೆ ಬಾವುಟ ಬೀಸೋಕೆ ಹೋಗೋ ಗಣ್ಯರಿಗೆ ನನ್ನದೊಂದೇ ವಿನಂತಿ. ಬಾವುಟ ಬೀಸಿ. ಫೋಟೋನೂ ತೆಗೆಸಿಕೊಳ್ಳಿ. ಆಮೇಲೆ ಸೈಡಿಗೆ ಹೋಗ್ತಿರೋ ಆ ಕ್ಯಾನಿನವನನ್ನ ನಿಲ್ಲಿಸಿ, 'ದಿನಾ ಎಲ್ಲಿಂದ ಎಲ್ಲಿಗೆ ತುಳೀತೀಯಪ್ಪಾ? ಯಾವ ತಿರುವಿನಲ್ಲಿ ನಿನಗೆ ಭಯ ಆಗುತ್ತೆ?' ಅಂತ ಕೇಳಿ. ಅವನು ಹೇಳೋ ಆ ತಿರುವಿನಿಂದಲೇ ಕೆಲಸ ಶುರು ಮಾಡಿ.

ಆರ್‌ಸಿಬಿಗೆ ಶುಭವಾಗಲಿ.